ಬೇರೆಯವರ ಪಿಯಾನೋದಲ್ಲಿ ನಮ್ಮ ಕಛೇರಿ

ವಯಲಿನ್‌ನವರು ತಮ್ಮ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ. ಪಿಯಾನೋದವರಿಗೆ ಆ ಭಾಗ್ಯವಿಲ್ಲ. ಹೊರೊವಿಟ್ಸ್, ಮೈಕೆಲಾಂಜೆಲಿ ಅಂಥ ಹೆಸರಾಂತ ಪಿಯಾನೋ ವಾದಕರು ಸ್ವಂತ ಪಿಯಾನೋ ಸಾಗಿಸಿಕೊಂಡು ಕಛೇರಿ ಕೊಟ್ಟದ್ದುಂಟು. ಉಳಿದ ನಮಗೆಲ್ಲ ಸಭಾಂಗಣದಲ್ಲಿ ಇದ್ದದ್ದೇ ಗತಿ. ಎರಡು ಪಿಯಾನೋಗಳು ಒಂದೇ ಮಾದರಿಯವು, 274 ಸೆಂ.ಮೀ. ಉದ್ದದ ಸ್ಟೈನ್‌ವೇ ಡಿ, ಆಗಿದ್ದರೂ ಒಂದರಂತೆ ಇನ್ನೊಂದಿರುವುದಿಲ್ಲ. ಕಛೇರಿಗೆ ಮುಂಚೆ ವೇದಿಕೆಯ ಮೇಲೆ ಸಿಗುವುದು ಹೆಚ್ಚೆಂದರೆ ಒಂದೂವರೆ, ಎರಡು ಗಂಟೆ. ಆ ಹೊತ್ತಿನಲ್ಲಿ ಕಾರ್ಯಕ್ರಮವನ್ನು ಮೊದಲಿಂದ ಕೊನೆಯವರೆಗೆ ನುಡಿಸುತ್ತ ಕೂರುವುದು ದಂಡ.

ಮೊದಲ ಹತ್ತು ನಿಮಿಷ ನಾನು ಸಂಗೀತವನ್ನೇ ನುಡಿಸುವುದಿಲ್ಲ. 88 ಕೀಗಳನ್ನೂ ಎಡದಿಂದ ಬಲಕ್ಕೆ, ಒಂದೊಂದಾಗಿ, ಸಾಧ್ಯವಾದಷ್ಟೂ ಮೆಲ್ಲಗೆ ಒತ್ತುತ್ತ ಹೋಗುತ್ತೇನೆ. ಜೋರಾಗಿ ಬಾರಿಸಿದರೆ ಎಲ್ಲ ಪಿಯಾನೋಗಳೂ ಚೆನ್ನಾಗೇ ಕೇಳುತ್ತವೆ. ದೋಷ ಹೊರಬೀಳುವುದು ಮೆಲುದನಿಯಲ್ಲಿ. ಕೀ ತಳಮುಟ್ಟಿದರೂ ಸ್ವರ ಹುಟ್ಟದಿದ್ದರೆ ಆ ಹ್ಯಾಮರ್ (ತಂತಿಗೆ ಬಡಿಯುವ, ಉಣ್ಣೆ ಹೊದಿಸಿದ ಸುತ್ತಿಗೆ) ತಂತಿಯಿಂದ ತುಂಬ ಮೊದಲೇ ಕಳಚಿಕೊಳ್ಳುತ್ತಿದೆ, ಇಲ್ಲವೇ ಎಲ್ಲೋ ಬಿಗಿಯಾಗಿದೆ. ಆಮೇಲೆ ಒಂದೇ ಕೀಯನ್ನು ನಡುಬೆರಳು, ತೋರುಬೆರಳು, ಹೆಬ್ಬೆರಳುಗಳಿಂದ ಒಂದಾದ ಮೇಲೊಂದರಂತೆ ವೇಗವಾಗಿ ಬಡಿದು ನೋಡುವುದು: ಮೂರರಲ್ಲಿ ಒಂದು ಏಟು ನುಂಗಿಹೋದರೆ ಅದನ್ನು ಗುರುತು ಹಾಕಿಕೊಳ್ಳಬೇಕು.

ನಂತರ ಪೆಡಲ್. ಬಲಗಡೆಯದನ್ನು ಕೂದಲೆಳೆಯಷ್ಟೇ ಇಳಿಸುತ್ತ, ಡ್ಯಾಂಪರ್‌ಗಳು (ತಂತಿಯ ದನಿ ಅಡಗಿಸುವ ಮೆತ್ತೆಗಳು) ತಂತಿ ಬಿಡುವ ಜಾಗವನ್ನು ಪಾದಕ್ಕೆ ಕಲಿಸಬೇಕು. ಕೆಲವದರಲ್ಲಿ ಮುಟ್ಟಿದ ಕೂಡಲೇ ಏಳುತ್ತವೆ, ಕೆಲವದರಲ್ಲಿ ಅರ್ಧ ದಾರಿ ಬರೀ ಸಡಿಲು. ಈ ಜಾಗ ತಿಳಿಯದೆ ಡೆಬ್ಯುಸಿಯ ರಚನೆ ನುಡಿಸಿದರೆ ಒಂದೋ ಒಣಗುತ್ತದೆ, ಒಂದೋ ಕಲಸಿಹೋಗುತ್ತದೆ. ಎಡ ಪೆಡಲ್ ಇಡೀ ಕೀಲಿಮಣೆಯನ್ನು ಬಲಕ್ಕೆ ಸರಿಸುತ್ತದೆ. ಮಧ್ಯ ಮತ್ತು ಮೇಲಿನ ಸ್ವರಗಳಲ್ಲಿ ಹ್ಯಾಮರ್ ಮೂರು ತಂತಿಗಳ ಬದಲು ಎರಡಕ್ಕೆ ತಾಗುತ್ತದೆ. ತಂತಿ ಕೊರೆದ ಗೀರುಗಳ ನಡುವಿನ ಹೊಸ ಉಣ್ಣೆ ತಾಗುವುದರಿಂದ ದನಿಯ ಬಣ್ಣವೇ ಬದಲಾಗುತ್ತದೆ. ಸರಿಯುವ ಅಳತೆ ತಪ್ಪಿದ್ದರೆ ಮಾತ್ರ ಕರ್ಕಶ.

ಪಿಯಾನೋ ಶ್ರುತಿ ಮಾಡುವ ಟ್ಯೂನರ್ ಹತ್ತಿರ ‘ದನಿ ಸ್ವಲ್ಪ ಸಿಹಿಯಾಗಲಿ’ ಎಂದು ಹೇಳಿ ಪ್ರಯೋಜನವಿಲ್ಲ. ‘ಮಧ್ಯದ ಸಿ ಮೇಲಿನ ಎಫ್ ಶಾರ್ಪ್ ಅಕ್ಕಪಕ್ಕದವಕ್ಕಿಂತ ಚೂಪು, ಇಲ್ಲಿ ಮರು ಏಟು ಬರುತ್ತಿಲ್ಲ’ ಎಂದರೆ ಅವರಿಗೆ ಕೆಲಸ ಸಿಗುತ್ತದೆ. ಪೆಡಲ್ ಕಿರುಗುಟ್ಟುವುದು, ಒಂದೆರಡು ಕೀಗಳ ಸ್ಪ್ರಿಂಗ್ ಇವೆಲ್ಲ ನಿಮಿಷಗಳ ಕೆಲಸ. ಹ್ಯಾಮರ್‌ಗೆ ಸೂಜಿ ಚುಚ್ಚಿ ಮೆದುಗೊಳಿಸುವುದನ್ನು ಮಾತ್ರ ಕಛೇರಿಯ ದಿನ ಇಡೀ ಪಿಯಾನೋಗೆ ಕೇಳಬಾರದು. ಹೆಚ್ಚು ಚುಚ್ಚಿಬಿಟ್ಟರೆ ಸಂಜೆಯೊಳಗೆ ಹಳೆಯ ಕಸುವು ವಾಪಸ್ ಬರುವುದಿಲ್ಲ. ಶ್ರುತಿ ಮಾಡಿಸುವಾಗ ಸಂಜೆಯ ದೀಪಗಳನ್ನೇ ಹಾಕಿಸಿ. ಬಿಸಿಗೆ ತಂತಿ ಸಡಿಲಿ ಶ್ರುತಿ ಜಾರುತ್ತದೆ.

ಇಷ್ಟಾದ ಮೇಲೆ ಕಾರ್ಯಕ್ರಮದಲ್ಲಿ ಈ ಪಿಯಾನೋ ಕೈಕೊಡಬಹುದಾದ ಜಾಗಗಳನ್ನಷ್ಟೇ ನುಡಿಸಿ ನೋಡುತ್ತೇನೆ. ಶೂಬರ್ಟ್‌ನ ಬಿ ಫ್ಲ್ಯಾಟ್ ಸೊನಾಟಾದಲ್ಲಿ (ಅವನ ಕೃತಿಪಟ್ಟಿಯಲ್ಲಿ ಡಿ 960) ಎಂಟನೇ ಬಾರ್‌ನ, ಅಂದರೆ ಎಂಟನೇ ತಾಳದಳತೆಯ, ಕೆಳ ಜಿ ಫ್ಲ್ಯಾಟ್ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ವೇಗದ ಕಂಪನ) ಅಂಥದ್ದು. ಮಂದ್ರ ಗಡಸಾಗಿದ್ದರೆ ಅದು ಗುಡುಗುವ ಬದಲು ಗೊರಗುಟ್ಟುತ್ತದೆ. ಆಗ ಕೀಯನ್ನು ಪೂರ್ತಿ ಮೇಲೇಳಲು ಬಿಡದೆ, ತಳದ ಹತ್ತಿರವೇ ಆಡಿಸುತ್ತೇನೆ. ಬೀಥೋವನ್‌ನ ವಾಲ್ಡ್‌ಸ್ಟೈನ್ ಸೊನಾಟಾದ ಕೊನೆಯಲ್ಲಿ ಬರುವ ಆಕ್ಟೇವ್ ಗ್ಲಿಸ್ಸಾಂಡೋ (ಸಪ್ತಕದಷ್ಟು ದೂರದ ಎರಡು ಸ್ವರಗಳನ್ನು ಒಟ್ಟಿಗೆ ಹಿಡಿದು ಕೀಗಳ ಮೇಲೆ ಕೈ ಜಾರಿಸುವುದು) ಅವನ ಕಾಲದ ಹಗುರ ಕೀಗಳಿಗೆ ಬರೆದದ್ದು. ಈಗಿನ ಕೀ ಸುಮಾರು 10 ಮಿ.ಮೀ. ಇಳಿಯುತ್ತದೆ, ಇಳಿಯಲು ಸುಮಾರು 50 ಗ್ರಾಂ ಭಾರ ಬೇಡುತ್ತದೆ. ಜಾರಿಸುವುದೋ, ಮಣಿಕಟ್ಟಿನಿಂದ ಬಿಡಿಬಿಡಿಯಾಗಿ ಹೊಡೆಯುವುದೋ, ಎರಡು ಕೈಗಳಿಗೆ ಹಂಚುವುದೋ ಎನ್ನುವುದು ಮಧ್ಯಾಹ್ನವೇ ತೀರ್ಮಾನವಾಗಬೇಕು. ಭಾರದ ಪಿಯಾನೋ ಆದರೆ ರಿಹರ್ಸಲ್‌ನಲ್ಲಿ ಪೂರ್ತಿ ಬಲ ಹಾಕಬೇಡಿ, ಮುಂಗೈ ಸಂಜೆಗೆ ಉಳಿಯಬೇಕು.

ಕಂಠಪಾಠ ಕೈಕೊಡುವುದಕ್ಕೂ ಹೊಸ ಪಿಯಾನೋಗೂ ನೇರ ನಂಟಿದೆ. ಬೆರಳು ನೆನಪಿಟ್ಟಿರುವುದು ಮನೆಯ ಕೀಗಳ ಭಾರವನ್ನು, ಕಿವಿ ನೆನಪಿಟ್ಟಿರುವುದು ಆ ಕೋಣೆಯ ದನಿಯನ್ನು. ಎರಡೂ ಬದಲಾದಾಗ ದಾರಿ ತಪ್ಪುತ್ತದೆ. ಅದಕ್ಕೆ ಪ್ರತಿ ಕೃತಿಯಲ್ಲೂ ಹದಿನೈದು ಇಪ್ಪತ್ತು ಜಾಗ ಗುರುತಿಸಿ, ಯಾವುದರಿಂದ ಬೇಕಾದರೂ ಶುರುಮಾಡುವಂತೆ ಕಲಿಯುವುದು. ಎಡಗೈ ಒಂದನ್ನೇ ಕಂಠಪಾಠ ನುಡಿಸುವುದು. ಪೆಡಲ್ ಇಲ್ಲದೆ ಅರ್ಧ ವೇಗದಲ್ಲಿ ನುಡಿಸುವುದು. ಅರ್ಧ ವೇಗದಲ್ಲಿ ಬೆರಳಿನ ನೆನಪು ಕೆಲಸ ಮಾಡದು, ತಲೆಯಲ್ಲಿ ಏನಿದೆ ಎಂಬುದು ಬಯಲಾಗುತ್ತದೆ. ಹೆಚ್ಚು ಅಪಾಯ ಇರುವುದು ಕಷ್ಟದ ಜಾಗದಲ್ಲಲ್ಲ, ಒಂದೇ ಥರದ ಎರಡು ಜಾಗಗಳಲ್ಲಿ. ಸೊನಾಟಾದ ಮೊದಲ ಭಾಗವೂ ಅದು ಮರಳಿ ಬರುವ ಭಾಗವೂ ಯಾವ ಸ್ವರಗುಚ್ಛದಲ್ಲಿ (ಕಾರ್ಡ್) ಬೇರೆಯಾಗುತ್ತವೆ ಎನ್ನುವುದನ್ನು ಬಾಯಲ್ಲಿ ಹೇಳಲು ಬರಬೇಕು. ಇಲ್ಲದಿದ್ದರೆ ಸುತ್ತಿ ಸುತ್ತಿ ಮೊದಲಿಗೇ ಬರುತ್ತೀರಿ. ಸ್ವರಲಿಪಿಯ ಪುಟ ಇಟ್ಟುಕೊಂಡು ನುಡಿಸುವುದರಲ್ಲಿ ಅವಮಾನವೇನಿಲ್ಲ. ಪಿಯಾನೋ ವಾದಕ ರಿಕ್ಟರ್ ಕೊನೆಯ ವರ್ಷಗಳಲ್ಲಿ ಹಾಗೇ ನುಡಿಸಿದ್ದು, ಪಕ್ಕದಲ್ಲೊಂದು ದೀಪ ಇಟ್ಟುಕೊಂಡು.

ಖಾಲಿ ಸಭಾಂಗಣದ ಗುಂಗನ್ನು ನಂಬಬೇಡಿ. ಜನ ತುಂಬಿದರೆ ಅನುರಣನ ಇಳಿಯುತ್ತದೆ, ಮಧ್ಯಾಹ್ನ ಜಾಸ್ತಿ ಅನಿಸಿದ ಪೆಡಲ್ ರಾತ್ರಿ ಸಾಲುವುದಿಲ್ಲ. ಟ್ಯೂನರ್‌ಗೆ ನಾಲ್ಕು ಬಾರ್ ನುಡಿಸಲು ಹೇಳಿ ಹಿಂದಿನ ಸಾಲಿಗೆ ಹೋಗಿ ಕೇಳಿ. ಬೇಕಿದ್ದರೆ ಪಿಯಾನೋವನ್ನು ಒಂದು ಗೇಣು ಹಿಂದೆ ತಳ್ಳಿಸಿ. ವಿರಾಮದಲ್ಲಿ ಟ್ಯೂನರ್ ಹಾಜರಿರುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಲಿಸ್ಟ್ ಅಥವಾ ಪ್ರೊಕೋಫಿಯೆವ್‌ರ ಅಬ್ಬರದ ರಚನೆ ಮೊದಲಾರ್ಧದಲ್ಲಿದ್ದರೆ ಮೇಲಿನ ಎರಡು ಸಪ್ತಕಗಳಲ್ಲಿ ಒಂದೇ ಸ್ವರದ ಜೊತೆ ತಂತಿಗಳ ಶ್ರುತಿ ಬಿಟ್ಟುಹೋಗಿರುತ್ತದೆ. ಯಾವ ಸ್ವರ ಎಂದು ಹೇಳಿದರೆ ಹದಿನೈದು ನಿಮಿಷ ಧಾರಾಳ ಸಾಕು.