ಹನಿ ಬೀಳೋದು ಒಂದು ಕಡೆ, ಸೋರೋದು ಇನ್ನೊಂದು ಕಡೆ

ನನ್ನ ಗ್ಯಾರೇಜು ಹುಬ್ಬಳ್ಳಿಯ ಗಬ್ಬೂರ ಕಡೆ, ಬೈಪಾಸಿಗೆ ಹತ್ತಿರ. ಮುಂದಿನ ಅಂಗಳಕ್ಕೆ ಇನ್ನೂ ಕಾಂಕ್ರೀಟ್ ಹಾಕಿಸಿಲ್ಲ, ಎರಿ ಮಣ್ಣೇ. ಬೇಕಂತಲೇ ಬಿಟ್ಟಿದ್ದೇನೆ ಅಂತ ಗಿರಾಕಿಗಳಿಗೆ ಹೇಳುತ್ತೇನೆ. ಖರೆ ಕಾರಣ ರೊಕ್ಕ. ಹಳೆ ಬಸ್ಸುಗಳ ಎಂಜಿನ್ ಕೆಲಸವೇ ನನ್ನ ಹೊಟ್ಟೆಪಾಡು. ಅದರಲ್ಲೂ ಆಯಿಲ್ ಲೀಕೇಜ್ ಅಂದರೆ ಬೇರೆ ಮಿಸ್ತ್ರಿಗಳು ಮುಖ ತಿರುವುತ್ತಾರೆ, ಯಾಕಂದರೆ ಮೂರು ದಿನ ದುಡಿದು ಬಿಲ್ ಕೊಟ್ಟ ಮೇಲೆ ನಾಲ್ಕನೇ ದಿನ ಅದೇ ಬಸ್ಸು ಅದೇ ಹನಿ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ. ನನಗೂ ಹಂಗೇ ಬಂದಿದೆ. ಒಂದು ಶಾಲೆ ಬಸ್ಸು ಎರಡು ಸಲ ತಿರುಗಿ ಬಂತು. ಅದನ್ನೇ ಮೊದಲು ಹೇಳುತ್ತೇನೆ.

2021ರಲ್ಲಿ ಶಾಲೆಗಳು ತೆರೆದಾಗ ಬಂದ ಗಾಡಿ ಅದು. ಕೊರೊನಾ ಕಾಲದಲ್ಲಿ ವರ್ಷದ ಮೇಲೆ ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತಿತ್ತು. ಟಾಟಾ ಚಾಸಿ, ಕಮಿನ್ಸ್ 6ಬಿಟಿ ಎಂಜಿನ್, 5.9 ಲೀಟರಿನದು. ಡ್ರೈವರ್ ಅಣ್ಣಿಗೇರಿ ಕಡೆಯವರು, ವಯಸ್ಸಾದವರು. "ಮಿಸ್ತ್ರೀ, ಹೌಸಿಂಗ್ ಬುಡಕ ಹನ್ಯಾಕತ್ತೈತ್ರಿ. ದಿನಾ ಅರ್ಧಾ ಲೀಟರ್ ಹಾಕೂದಾಗೈತಿ" ಅಂದರು.

ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಆಯಿಲ್ ಹನಿದರೆ ಎರಡು ಕಡೆಯಿಂದ ಬಂದಿರಬಹುದು: ಎಂಜಿನ್ ಹಿಂದಿನ ಸೀಲ್, ಇಲ್ಲವೇ ಗೇರ್ ಬಾಕ್ಸ್ ಮುಂದಿನ ಸೀಲ್. ಸೀಲ್ ಅಂದರೆ ತಿರುಗುವ ದಂಡದ ಸುತ್ತ ಕೂತು ಆಯಿಲ್ ತಡೆಯುವ ಬಳೆ. ನನಗೆ ಕೆಲಸ ಕಲಿಸಿದ ಉಸ್ತಾದರು ಇಂಥಲ್ಲಿ ಪಾನಾ (ಸ್ಪ್ಯಾನರ್) ಮುಟ್ಟುವುದಕ್ಕಿಂತ ಮೊದಲು ಬೆರಳು ಹಾಕುತ್ತಿದ್ದರು. "ಮೊದ್ಲ ಮೂಸ್ ನೋಡಲೇ" ಅನ್ನುತ್ತಿದ್ದರು. ಗೇರ್ ಆಯಿಲಿಗೆ ಗಂಧಕದ ನಾತ ಇರುತ್ತದೆ, ಒಮ್ಮೆ ಮೂಸಿದವನು ಮರೆಯುವುದಿಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಂತೆ ಕಪ್ಪು, ಸುಟ್ಟ ವಾಸನೆ. ಈ ಬಸ್ಸಿನದು ಕಪ್ಪಗಿತ್ತು. ಸರಿ, ಹಿಂದಿನ ಸೀಲೇ ಹೋಗಿದೆ ಅಂತ ಗೇರ್ ಬಾಕ್ಸ್ ಇಳಿಸಿದೆವು, ಕ್ಲಚ್ ಬಿಚ್ಚಿದೆವು, ಫ್ಲೈವೀಲ್ ತೆಗೆದೆವು. ಸೀಲಿನ ತುಟಿ ಗಟ್ಟಿಯಾಗಿತ್ತು. ಹೊಸದು ಹಾಕಿದೆ.

ಇಲ್ಲಿ ನನ್ನ ಮೊದಲ ತಪ್ಪು. ನಾನು ಕೆಲಸ ಕಲಿತದ್ದು ಟಾಟಾದ 697 ಎಂಜಿನ್ ಮೇಲೆ. ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), ಅದಕ್ಕೇ ಆ ಹೆಸರು. ಅದರ ಹಿಂದಿನ 692ಕ್ಕೆ ಬೋರ್ 92. ಆ ಕಾಲದಲ್ಲಿ ಯಾವ ರಬ್ಬರ್ ಸೀಲ್ ಹಾಕಿದರೂ ತುಟಿಗೆ ಎರಡು ಹನಿ ಆಯಿಲ್ ಸವರಿಯೇ ಕೂಡಿಸಬೇಕು ಅಂತ ಉಸ್ತಾದರು ತಲೆಗೆ ಮೊಟಕಿ ಕಲಿಸಿದ್ದರು. ರಬ್ಬರ್ ತುಟಿಗೆ ಅದು ಸರಿಯೇ, ಒಣಗಿದ್ದರೆ ಮೊದಲ ಸುತ್ತಿನಲ್ಲೇ ಸುಟ್ಟುಹೋಗುತ್ತದೆ. 6ಬಿಟಿಯ ಕ್ರ್ಯಾಂಕ್ ಸೀಲ್, ಅಂದರೆ ಎಂಜಿನ್ನಿನ ಮುಖ್ಯ ದಂಡದ ಸೀಲ್, ಟೆಫ್ಲಾನಿನದು. ಅದನ್ನು ಒಣಗಿದ್ದಂಗೇ ಹಾಕಬೇಕು. ಕ್ರ್ಯಾಂಕಿನ ಮೇಲೂ ಆಯಿಲ್ ಇರಬಾರದು, ಸೀಲಿಗೂ ಇರಬಾರದು, ಕೈಬೆರಳಿನ ಜಿಡ್ಡು ಕೂಡ ಒರೆಸಿಕೊಳ್ಳಬೇಕು. ಶುರುವಿನಲ್ಲಿ ಟೆಫ್ಲಾನ್ ಸವೆದು ಕ್ರ್ಯಾಂಕಿನ ಮೇಲೆ ತೆಳ್ಳನೆ ಪದರ ಹಿಡಿಯುತ್ತದೆ, ಆ ಪದರದ ಮೇಲೆ ತುಟಿ ಕೂತು ಆಯಿಲ್ ತಡೆಯುತ್ತದೆ. ನಡುವೆ ಆಯಿಲ್ ಇದ್ದರೆ ಪದರ ಹಿಡಿಯುವುದೇ ಇಲ್ಲ. ಡಬ್ಬಿಯೊಳಗೆ ಸೀಲಿನ ಜೊತೆ ಬರುವ ಪ್ಲಾಸ್ಟಿಕ್ ಬಳೆಯನ್ನು ಎಷ್ಟೋ ಹುಡುಗರು ಪ್ಯಾಕಿಂಗಿನ ಸಾಮಾನು ಅಂತ ಒಗೆಯುತ್ತಾರೆ. ಅದನ್ನು ಕ್ರ್ಯಾಂಕಿಗೆ ಆನಿಸಿ, ಅದರ ಮೇಲಿಂದಲೇ ಸೀಲನ್ನು ಜಾರಿಸಬೇಕು, ತುಟಿ ಮಡಚಬಾರದು ಅಂತ. ಕೂಡಿಸಿದ ಮೇಲೆ ನಾನೀಗ ಕೆಲವು ತಾಸು ಬಿಟ್ಟೇ ಚಾಲೂ ಮಾಡುತ್ತೇನೆ.

ಇದೆಲ್ಲ ಗೊತ್ತಿದ್ದೂ ಅವತ್ತು ಹಳೆ ರೂಢಿಯಲ್ಲಿ ಬೆರಳು ತಾನೇ ಆಯಿಲ್ ಡಬ್ಬಿಗೆ ಹೋಯಿತು. ಹದಿನೈದು ದಿನಕ್ಕೆ ಬಸ್ಸು ತಿರುಗಿ ಬಂತು. ನನ್ನದೇ ತಪ್ಪು, ಮಜೂರಿ ಕೇಳಲಿಲ್ಲ. ಮತ್ತೆ ಇಳಿಸಿ ಒಣ ಸೀಲ್ ಹಾಕಿದೆ. ಕ್ರ್ಯಾಂಕಿನ ಮೇಲೆ ಹಳೆ ತುಟಿ ಕೊರೆದ ಗೀರು ಉಗುರಿಗೆ ಸಿಗುತ್ತದೋ ನೋಡಿದೆ, ಬಹಳ ಇರಲಿಲ್ಲ. ಉಗುರು ಸಿಕ್ಕಿಬೀಳುವಷ್ಟು ಗೀರಿದ್ದರೆ ತೆಳು ತಗಡಿನ ಸ್ಲೀವ್ ಹಾಕಬೇಕು, ಇಲ್ಲ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂಡಿಸಿ ಹೊಸ ಜಾಗ ಕೊಡಬೇಕು. ಫ್ಲೈವೀಲ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ, ಆಟ ಇರಲಿಲ್ಲ. ಬೇರಿಂಗ್ ಸವೆದು ಕ್ರ್ಯಾಂಕೇ ಕುಣಿಯುತ್ತಿದ್ದರೆ ಚಿನ್ನದ ಸೀಲ್ ಹಾಕಿದರೂ ನಿಲ್ಲದು.

ತಿಂಗಳಾಗುವುದರೊಳಗೆ ಮೂರನೇ ಸಲ ಬಂತು.

ಡ್ರೈವರ್ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಚಹಾ ಕುಡಿಯುತ್ತಾ, "ಟ್ಯಾಪೆಟ್ ಕವರಿಂದೂ ಜಿನಗಾಕತ್ತೈತ್ ನೋಡ್ರಿ ಈಗ" ಅಂದರು. ಟ್ಯಾಪೆಟ್ ಕವರ್ ಅಂದರೆ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ. ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಪುಣ್ಯ. ಹಿಂದೆ ಸೋರುವ ಎಂಜಿನ್ ಮೇಲೂ ಯಾಕೆ ಜಿನುಗುತ್ತದೆ? ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ಜಗ್ಗಿದೆ, ತೂತಿನಿಂದ ಬುಸ್ ಅಂತ ಗಾಳಿ ಬಂತು. ಆಯಿಲ್ ಹಾಕುವ ಮುಚ್ಚಳ ತಿರುವಿ ಸುಮ್ಮನೆ ಮೇಲಿಟ್ಟೆ, ಕಡುಬಿನ ಪಾತ್ರೆಯ ಮುಚ್ಚಳದಂತೆ ಕುಣಿಯತೊಡಗಿತು.

ಪಿಸ್ಟನ್ನಿನ ರಿಂಗ್ ದಾಟಿ ಸ್ವಲ್ಪ ಗಾಳಿ ಕೆಳಗೆ ಇಳಿಯುವುದು ಎಲ್ಲ ಎಂಜಿನ್ನಿನಲ್ಲೂ ಇದ್ದದ್ದೇ. ನಾವು ಬ್ಯಾಕ್ ಕಂಪ್ರೆಷನ್ ಅನ್ನುತ್ತೇವೆ. ಅದು ಹೊರಗೆ ಹೋಗಲು ಬ್ರೀದರ್ ಪೈಪ್ ಇದೆ. ಹೋಗುವ ದಾರಿ ಕಟ್ಟಿದರೆ ಒತ್ತಡ ಚೇಂಬರಿನಲ್ಲಿ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ ತುಂಬಿ, ಎಲ್ಲಿ ಮೆತ್ತಗಿದೆಯೋ ಅಲ್ಲಿಂದ ಆಯಿಲನ್ನು ದೂಡುತ್ತದೆ. ಹಿಂದಿನ ಸೀಲ್, ಟ್ಯಾಪೆಟ್ ಕವರ್, ಗೇಜ್ ಕಡ್ಡಿಯ ತೂತು, ಹಿಂಗೆ ಒಂದೊಂದಾಗಿ.

ನನ್ನ ಹತ್ತಿರ ಒಂದು ಸಾಧನ ಇದೆ, ನೋಡಿದವರು ನಗುತ್ತಾರೆ. ಔಷಧಿ ಅಂಗಡಿಯಿಂದ ತಂದ ಹೊಸ ಸಲಾಯಿನ್ ನಳಿಗೆಯನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿ, ನಡುವೆ ಮಕ್ಕಳ ಸ್ಕೇಲ್ ಹೊಡೆದು, ಒಳಗೆ ಕುಂಕುಮ ಕಲಸಿದ ನೀರು ಹಾಕಿದ್ದೇನೆ. ಒಂದು ತುದಿ ಗೇಜ್ ಕಡ್ಡಿಯ ತೂತಿಗೆ ಬಿಗಿ, ಇನ್ನೊಂದು ತುದಿ ಬಯಲಿಗೆ. ನನ್ನ ಅನುಭವದಲ್ಲಿ ಚಲೋ ಎಂಜಿನ್ನಿಗೆ ಎರಡೂ ಕಡೆಯ ನೀರಿನಲ್ಲಿ ಎರಡು-ಮೂರು ಇಂಚಿನ ಫರಕು ಬರುತ್ತದೆ. ಈ ಬಸ್ಸಿಗೆ ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದೇ ತಡ, ಕುಂಕುಮದ ನೀರು ಮೇಲಿನಿಂದ ಚಿಮ್ಮಿ ನನ್ನ ಅಂಗಿ ಮೇಲೆ.

ಬ್ರೀದರ್ ಪೈಪ್ ಬಿಚ್ಚಿ ತಂತಿ ಹಾಕಿದೆ, ಗೇಣುದ್ದ ಹೋಗಿ ನಿಂತಿತು. ಪೈಪ್ ಬಡಿದಾಗ ಮಣ್ಣಿನ ಗೂಡು ತುಂಡುತುಂಡಾಗಿ ಬಿತ್ತು. ಕುಂಬಾರ ಹುಳ! ಬಸ್ಸು ವರ್ಷದ ಮೇಲೆ ನಿಂತಾಗ ಪೈಪಿನ ಬಾಯಿಯಿಂದ ಒಳಹೊಕ್ಕು, ನಮ್ಮ ಎರಿ ಮಣ್ಣನ್ನೇ ಹದ ಮಾಡಿ ಮನೆ ಕಟ್ಟಿತ್ತು. ಅದಕ್ಕೆ ಆಯಿಲಿನ ಮಸಿ ಸೇರಿ ಡಾಂಬರಿನಂತೆ ಗಟ್ಟಿಯಾಗಿ, ಪೆನ್ಸಿಲ್ ಕಡ್ಡಿ ಹೋಗುವಷ್ಟು ಸಂದಿ ಉಳಿದಿತ್ತು. ನಿಂತಲ್ಲೇ ಚಾಲೂ ಇಟ್ಟರೆ ಅಷ್ಟೇ ಸಾಕಾಗುತ್ತಿತ್ತು. ಲೋಡ್ ಮೇಲೆ ಧಾರವಾಡದ ಏರು ಹತ್ತುವಾಗ ಸಾಲುತ್ತಿರಲಿಲ್ಲ. ಪೈಪ್ ತೊಳೆದು ಹಾಕಿದ ಮೇಲೆ ನೀರಿನ ಫರಕು ಎರಡೂವರೆ ಇಂಚಿಗೆ ನಿಂತಿತು. ಸೀಲ್ ಮುಟ್ಟಲೇ ಇಲ್ಲ. ಹನಿ ನಿಂತಿತು. ಎರಡು ಸಲ ಗೇರ್ ಬಾಕ್ಸ್ ಹೊತ್ತ ನನ್ನ ಹುಡುಗರು ನನ್ನ ಮುಖ ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಯಾವ ಲೀಕೇಜ್ ಬಂದರೂ ಮೊದಲು ಬ್ರೀದರ್. ಬ್ರೀದರ್ ಸಾಫಿದ್ದೂ ಮುಚ್ಚಳ ಕುಣಿದರೆ ರಿಂಗ್, ಲೈನರ್ ಸವೆದಿವೆ ಅಂತ ಲೆಕ್ಕ. ಆಗ ಮಾಲಕರನ್ನು ಕೂಡಿಸಿಕೊಂಡು ನೇರ ಹೇಳುತ್ತೇನೆ, ಸೀಲಿಗೆ ರೊಕ್ಕ ಹಾಕಬೇಡ್ರಿ, ಎಂಜಿನ್ ಕೆಲಸಕ್ಕೆ ಕೂಡಿಡ್ರಿ ಅಂತ. ಗಿರಾಕಿ ಹೋದರೂ ಪರವಾಗಿಲ್ಲ.

ಜಾಗ ಹುಡುಕುವುದಕ್ಕೆ ಇನ್ನೊಂದು ಮಾತು. ಹಳೆ ಬಸ್ಸಿನ ಎಂಜಿನ್ ಮೇಲೆ ಆಯಿಲ್ ಮತ್ತು ಧೂಳು ಸೇರಿ ಬೆರಳು ದಪ್ಪದ ಹೆಕ್ಕಳಿಕೆ ಕಟ್ಟಿರುತ್ತದೆ. ನವಲಗುಂದ, ರೋಣ ಕಡೆ ಓಡುವ ಗಾಡಿಯಾದರೆ ಕೇಳಲೇಬೇಡಿ. ಅದರ ಮೇಲೆ ಟಾರ್ಚ್ ಬಿಟ್ಟರೆ ಏನೂ ತಿಳಿಯದು. ಕೆತ್ತಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಆಮೇಲೆ ಮೈಗೆ ಹಚ್ಚುವ ಪೌಡರ್ ಉದುರಿಸುತ್ತೇನೆ. ಕುಂದಗೋಳ ಕ್ರಾಸ್ ತನಕ ಒಂದು ಸುತ್ತು ಹಾಕಿ ಬಂದರೆ ಬಿಳಿ ಪೌಡರಿನ ಮೇಲೆ ಆಯಿಲ್ ಹರಿದ ದಾರಿ ಕಪ್ಪು ಗೆರೆಯಾಗಿ ಕಾಣುತ್ತದೆ. ಗೆರೆಯ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ತುದಿ ನೋಡಬೇಕು. ಫ್ಯಾನಿನ ಗಾಳಿ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ, ಮುಂದೆ ಸೋರಿದ್ದು ಚೇಂಬರಿನ ಹಿಂದಿನ ಮೂಲೆಯಲ್ಲಿ ಹನಿಯುತ್ತದೆ. ಚೇಂಬರ್ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಿಸಿ ಕೈಸುಟ್ಟುಕೊಂಡವರೆಲ್ಲ ಆ ಮೂಲೆ ನೋಡಿ ಮೋಸಹೋದವರೇ. 6ಬಿಟಿಯಲ್ಲಿ ಡೀಸೆಲ್ ಪಂಪಿನ ಹಿಂದೆ ಮರೆಯಾಗಿರುವ ಪಕ್ಕದ ಕವರ್ ಒಂದಿದೆ. ಅದು ಸೋರಿದರೂ ಆಯಿಲ್ ಬ್ಲಾಕಿನ ಮೈಗುಂಟ ಇಳಿದು ಚೇಂಬರಿನದೇ ಅನ್ನಿಸುತ್ತದೆ. ಅದಕ್ಕೆ ಪಂಪ್ ಇಳಿಸಬೇಕು, ದೊಡ್ಡ ರಗಳೆ.

ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗ್ ಮಾತ್ರ ನನಗೆ ಇಷ್ಟದ ಕೆಲಸ. ಅಲ್ಲಿ ಹಾಳಾಗುವುದು ಕಾರ್ಕಿಗಿಂತ ಹೆಚ್ಚು ಕವರು. ಸೋರಿತು ಅಂತ ಡ್ರೈವರ್ ಬಿಗಿಯುತ್ತಾನೆ, ಮತ್ತೆ ಸೋರಿತು ಅಂತ ಇನ್ನೂ ಬಿಗಿಯುತ್ತಾನೆ. ತಗಡು ಬೋಲ್ಟಿನ ಸುತ್ತ ತಗ್ಗು ಬಿದ್ದು, ನಡುವೆ ಕಮಾನಿನಂತೆ ಏಳುತ್ತದೆ. ಕವರನ್ನು ದಪ್ಪ ಗಾಜಿನ ಮೇಲೆ ಇಟ್ಟು ಸಂದಿ ನೋಡಿ, ಕಟ್ಟಿಗೆ ತುಂಡಿನ ಮೇಲೆ ಬೋರಲು ಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಸಮ ಮಾಡುತ್ತೇನೆ. ಆಮೇಲೆ ಶೆಲ್ಲಾಕ್ ಹಚ್ಚಿ ಕಾರ್ಕನ್ನು ಕವರಿಗೆ ಮಾತ್ರ ಅಂಟಿಸುವುದು, ಹೆಡ್ಡಿನ ಕಡೆ ಒಣಗಿಯೇ ಇರಬೇಕು. ರಾತ್ರಿಯಿಡೀ ಮೇಲೊಂದು ಹಳೆ ಫ್ಲೈವೀಲ್ ಹೇರಿ ಬಿಡುತ್ತೇನೆ. ಬೆಳಿಗ್ಗೆ ಕೂಡಿಸುವಾಗ ಗಿಡ್ಡ ಪಾನಾ, ನಡುವಿನಿಂದ ಹೊರಗೆ, ಮಣಿಕಟ್ಟಿನ ಜೋರಷ್ಟೇ. ಈ ಕವರಿನ ಲೀಕೇಜನ್ನು ನಾನು ಎಂದೂ ನಾಳೆ ನೋಡೋಣ ಅನ್ನುವುದಿಲ್ಲ, ಕೆಳಗೆ ಕಾದ ಮ್ಯಾನಿಫೋಲ್ಡ್ ಇರುವ ಎಂಜಿನ್ನಾದರೆ ಬೆಂಕಿಯ ಮಾತು.

ಪ್ಯಾಕಿಂಗ್ ಬದಲು ಹಚ್ಚುವ ಸಿಲಿಕಾನ್ ಅಂಟಿನ ಟ್ಯೂಬ್ ಬಂದ ಮೇಲೆ ಹುಡುಗರಿಗೆ ಕಾರ್ಕ್ ಕತ್ತರಿಸುವ ತಾಳ್ಮೆ ಹೋಯಿತು. ನನ್ನಲ್ಲೇ ಒಬ್ಬ ಹುಡುಗ ಚೇಂಬರಿಗೆ ಜಿಲೇಬಿ ಸುತ್ತಿದಂತೆ ಸುತ್ತಿಬಿಟ್ಟಿದ್ದ. ಹೊರಗೆ ಉಬ್ಬಿದ್ದಷ್ಟೇ ಒಳಗೂ ಉಬ್ಬಿರುತ್ತದೆ ಅನ್ನುವುದು ಅವನಿಗೆ ಹೊಳೆಯಲಿಲ್ಲ. ಒಳಗಿನ ದಾರ ಕಿತ್ತು ಆಯಿಲ್ ಪಂಪಿನ ಜಾಲರಿಗೆ ಅಂಟಿತು. ಅಂಕೋಲಾದಿಂದ ಬರುವಾಗ ಅರಬೈಲ್ ಘಾಟಿನಲ್ಲಿ ಪ್ರೆಷರ್ ಮುಳ್ಳು ಕೆಳಗೆ ಬಿತ್ತು. ಡ್ರೈವರ್ ಶಾಣ್ಯಾ, ಕೂಡಲೇ ಬಂದ್ ಮಾಡಿದ, ಬೇರಿಂಗ್ ಉಳಿದವು. ಸಿಲಿಕಾನ್ ಹಾಕಲೇಬೇಕಾದಲ್ಲಿ ಶಾವಿಗೆ ಎಳೆಯಷ್ಟು ಸಾಕು. 6ಬಿಟಿ ಚೇಂಬರ್ ಬೋಲ್ಟಿಗೆ ಕಂಪನಿ ಹೇಳುವ ಬಿಗಿ 24 ನ್ಯೂಟನ್ ಮೀಟರ್ ಅಷ್ಟೇ, ಉದ್ದ ಪಾನಾ ಹಿಡಿದು ನೇತಾಡುವ ಕೆಲಸವಲ್ಲ.

ಗದಗಿನ ಒಬ್ಬ ಮದುವಿ ಬಸ್ಸಿನ ಡ್ರೈವರ್ ನಗುತ್ತಾ ಬಂದಿದ್ದ. "ನಂ ಎಂಜಿನ್ ಆಯಿಲ್ ಹಡ್ಯಾಕತ್ತೈತ್ರೀ ಅಣ್ಣಾರ, ಸೋರ್ತೈತಿ, ಆದ್ರ ಗೇಜ್ ಏರ್ತೈತಿ!" ನನಗೆ ನಗು ಬರಲಿಲ್ಲ. ಗೇಜ್ ಕಡ್ಡಿಯ ಒಂದು ಹನಿಯನ್ನು ಪೇಪರಿನ ಮೇಲೆ ಬಿಟ್ಟು ಚಹಾ ತರಿಸಿದೆ. ಗ್ಲಾಸ್ ಖಾಲಿಯಾಗುವಷ್ಟರಲ್ಲಿ ನಡುವಿನ ಕಪ್ಪು ಚುಕ್ಕಿಯ ಸುತ್ತ ತೆಳ್ಳನೆ ಉಂಗುರ ಅಗಲವಾಗಿ ಹರಡಿತ್ತು. ಡೀಸೆಲ್. ಬ್ಲಾಕಿಗೆ ಕೂತು ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪ್ ಒಳಗೆ ಕೆಟ್ಟು ಡೀಸೆಲನ್ನು ಚೇಂಬರಿಗೆ ಬಿಡುತ್ತಿತ್ತು. ಆಯಿಲ್ ನೀರಾದ ಮೇಲೆ ಎಲ್ಲ ಕಡೆಯಿಂದಲೂ ಸೋರುತ್ತದೆ. ಅದಕ್ಕಿಂತ ಮೊದಲು ಬೇರಿಂಗ್ ಹಿಡಿಯುವ ಭಯ. ಪಂಪ್, ಆಯಿಲ್, ಫಿಲ್ಟರ್ ಮೂರೂ ಬದಲಿಸಿದ ಮೇಲೆಯೇ ಬಸ್ಸು ಬಿಟ್ಟೆ. ಅವತ್ತಿನ ದಿಬ್ಬಣಕ್ಕೆ ಬೇರೆ ಗಾಡಿ ನೋಡಿಕೊಂಡರು.

ಹಾಗಂತ ಎಲ್ಲ ಹನಿಗೂ ಪಾನಾ ಎತ್ತುವುದಿಲ್ಲ. ಹಳೆ ಎಂಜಿನ್ ಬೆವರುತ್ತದೆ, ಬೆವರಲಿ. ಒರೆಸಿ ಓಡಿಸಬೇಕು. ಚಾಲೂ ಇದ್ದಾಗ ಮೂರು ಸೆಕೆಂಡಿಗೊಂದು ಹನಿ ಬೀಳತೊಡಗಿದರೆ ಹತ್ತು ತಾಸಿನ ಓಟಕ್ಕೆ ಅರ್ಧ ಲೀಟರಿನ ಹತ್ತಿರ ಹೋಗುತ್ತದೆ, ಆಗ ಬಿಡುವ ಹಂಗಿಲ್ಲ. ಎಷ್ಟೋ ಸಲ ಕೆಲಸ ಹತ್ತು ರೂಪಾಯಿಯದು. ಡ್ರೇನ್ ಬೋಲ್ಟಿನ ತಾಮ್ರದ ವಾಷರ್ ಪ್ರತಿ ಸಲ ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ. ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಹೊಸದೇ ಬೇಕಂತಿಲ್ಲ. ಉಕ್ಕನ್ನು ಹಂಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರದ ಗುಣವೇ ಬೇರೆ.

ಆ ಶಾಲೆ ಬಸ್ಸಿನ ಬ್ರೀದರ್ ಬಾಯಿಗೆ ಅಗಲ ಕಣ್ಣಿನ ತಂತಿ ಜಾಲರಿ ಕಟ್ಟಿ ಕಳಿಸಿದ್ದೆ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಮಸಿ ಹಿಡಿದು ತಾನೇ ಕಟ್ಟಿಕೊಳ್ಳುತ್ತದೆ. ಮುಂದಿನ ವರ್ಷ ಮಹಾನವಮಿಯ ಖಂಡೇಪೂಜೆ ಮುಗಿದ ಮೇಲೆ ಬಸ್ಸು ಬಂತು, ರೇಡಿಯೇಟರಿಗೆ ಇನ್ನೂ ಚೆಂಡುಹೂವಿನ ಮಾಲೆ. ಡ್ರೈವರ್ ಇಳಿದು, "ಹೌಸಿಂಗ್ ಬುಡಕ ಮತ್ತ ಹನ್ಯಾಕತ್ತೈತ್ರಿ ಮಿಸ್ತ್ರೀ" ಅಂದರು. ನನ್ನ ಎದೆ ಧಸಕ್ ಅಂತು. ಗೇರ್ ಬಾಕ್ಸ್ ಹೊತ್ತಿದ್ದ ಹುಡುಗರಿಬ್ಬರೂ ಮೆಲ್ಲಗೆ ಹಿಂದೆ ಸರಿದರು. ಕೆಳಗೆ ಹೊರಳಿ ತೂತಿಗೆ ಬೆರಳು ಹಾಕಿ ಮೂಸಿದೆ.

ಗಂಧಕದ ನಾತ. ಈ ಸಲ ಗೇರ್ ಆಯಿಲ್.