ಹಳೇ ಟಾಯ್ ಕಾರ್ ಕೇಸ್: ಕಾರು ಬೇರೆ, ಕೇಸ್ ಬೇರೆ ಇಡಿ

ಮಲ್ಲೇಶ್ವರ, ಬಸವನಗುಡಿಯ ಹಳೇ ಮನೆಗಳ ಲಾಫ್ಟ್ ಕೆದಕಿದರೆ ಒಮ್ಮೊಮ್ಮೆ ಪುಟ್ಟ ಸೂಟ್‌ಕೇಸಿನಂಥ ಪೆಟ್ಟಿಗೆ ಸಿಗುತ್ತದೆ. ಮೇಲೆ ಕಾರಿನ ಚಿತ್ರ, ಒಳಗೆ ಖಾನೆಗಳಿರುವ ಪ್ಲಾಸ್ಟಿಕ್ ಟ್ರೇ. ಇಂಗ್ಲೆಂಡಿನ ಲೆಸ್ನಿ ಕಂಪನಿ 1953ರಲ್ಲಿ ಮ್ಯಾಚ್‌ಬಾಕ್ಸ್ ಆಟಿಕೆ ಕಾರು ಶುರು ಮಾಡಿತು. ಅಮೆರಿಕದ ಮ್ಯಾಟೆಲ್ 1968ರಲ್ಲಿ ಹಾಟ್ ವೀಲ್ಸ್ ತಂದಿತು. ಆ ಕಾರುಗಳನ್ನು ಜೋಡಿಸಿಡಲು ಬಂದ ಕೇಸುಗಳಿವು. ಈಗ ಖಾಲಿ ಕೇಸನ್ನೂ ಹುಡುಕಿ ಕೊಳ್ಳುವವರಿದ್ದಾರೆ.

ಸಿಕ್ಕ ಕೂಡಲೇ ಕಾರುಗಳನ್ನು ಹೊರಗೆ ತೆಗೆಯಿರಿ. ಕಾರು ಅದರೊಳಗೇ ಇದ್ದರೆ ಚೆಂದ, ಅಲ್ವಾ? ಆದರೆ ಕಾರು, ಕೇಸ್ ಎರಡಕ್ಕೂ ಅದು ಒಳ್ಳೆಯದಲ್ಲ. ಇಂಥ ಬಹುತೇಕ ಕೇಸುಗಳು ರಟ್ಟಿನ ಮೇಲೆ ವಿನೈಲ್ ಅನ್ನುವ ಮೆತ್ತನೆ ಪ್ಲಾಸ್ಟಿಕ್ ಹೊದಿಸಿ ಮಾಡಿದವು. ವಿನೈಲ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ರಾಸಾಯನಿಕ ವರ್ಷ ಕಳೆದಂತೆ ಹೊರಗೆ ಜಿನುಗುತ್ತದೆ. ಹಳೇ ಕೇಸ್ ಮುಟ್ಟಿದರೆ ಅಂಟಂಟು ಅನ್ನಿಸುವುದು ಇದಕ್ಕೇ. ಅದು ತಗುಲಿದರೆ ಕಾರಿನ ಬಣ್ಣ ಹಾಳಾಗಬಹುದು. ಕೆಲವು ಕಾರುಗಳ ಮೆತ್ತನೆ ಟೈರಿನಿಂದಲೂ ಇದೇ ಜಿನುಗಿ, ಟ್ರೇಯಲ್ಲಿ ಕರಗಿದಂಥ ಗುಂಡಿ ಬೀಳುತ್ತದೆ. ಕಾರುಗಳನ್ನು ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಇಡಿ. ತಳದಲ್ಲಿ 5 ಅಂತ ಬರೆದ ತ್ರಿಕೋನ ಗುರುತಿದ್ದರೆ ಅದೇ.

ಇನ್ನು ಕ್ಲೀನಿಂಗ್. ಮೊದಲು ಮೆತ್ತನೆ ಪೇಂಟ್ ಬ್ರಷ್‌ನಿಂದ ಧೂಳು ತೆಗೆಯಿರಿ. ಆಮೇಲೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒರೆಸಿ. ಅಂಚಿನಲ್ಲಿ ನೀರು ಒಳಗಿಳಿದರೆ ರಟ್ಟು ಉಬ್ಬುತ್ತದೆ. ಥಿನ್ನರ್, ಸ್ಪಿರಿಟ್, ಪೆಟ್ರೋಲ್ ಬೇಡವೇ ಬೇಡ. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ದಯವಿಟ್ಟು ಬೇಡ, ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ. ಒಳಗೆ ಯಾವುದೋ ಮಗು ಪೆನ್ನಲ್ಲಿ ಬರೆದ ಹೆಸರಿದ್ದರೆ ಹಾಗೇ ಬಿಡಿ. ಉಜ್ಜಿದರೆ ಕಲೆ ಹೋಗುವುದಕ್ಕಿಂತ ಅಲ್ಲಿನ ಬಣ್ಣ ಹೋಗುವುದೇ ಹೆಚ್ಚು.

ಬೀರುವಿನಲ್ಲಿ ಸೀರೆಗೆ ಹಾಕುವ ನ್ಯಾಫ್ತಲೀನ್ ಗುಳಿಗೆಯನ್ನು ಇದರ ಹತ್ತಿರವೂ ತರಬೇಡಿ. ಅದರ ಆವಿಗೆ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್ಕಿನ ಟ್ರೇ ಮೆತ್ತಗಾಗುತ್ತದೆ.

ಎಲ್ಲಿಡುವುದು? ಲಾಫ್ಟ್ ಬೇಡ, ಬೇಸಿಗೆಯಲ್ಲಿ ತಾರಸಿ ಕೆಳಗೆ ಕಾವು ಜಾಸ್ತಿ. ಸ್ನಾನದ ಮನೆಗೆ ತಾಗಿದ ಗೋಡೆಯ ಬೀರುವೂ ಬೇಡ. ಮಲಗುವ ಕೋಣೆಯ ಬೀರುವಿನ ನಡುವಿನ ಶೆಲ್ಫ್ ಸಾಕು. ಬೆಂಗಳೂರಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ತೇವದ ಕಾಟ. ಎಸ್.ಪಿ. ರೋಡಿನಲ್ಲಿ ಚಿಕ್ಕ ತೇವಾಂಶ ಮೀಟರ್ ಸಿಗುತ್ತದೆ. ಅದು ಶೇಕಡಾ 50ರ ಆಸುಪಾಸು ತೋರಿಸಿದರೆ ಸರಿ. 65 ದಾಟಿದರೆ ಬೂಷ್ಟಿನ ಭಯ, ಆಗ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪೊಟ್ಟಣ ವಿನೈಲಿಗೆ ತಾಗದಿರಲಿ.

ಕೇಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ, ಜಿನುಗಿದ್ದು ಅಲ್ಲೇ ಉಳಿಯುತ್ತದೆ. ಬಬಲ್ ರ‍್ಯಾಪ್ ಸುತ್ತಿದರೆ ಗುಳ್ಳೆಗಳ ಅಚ್ಚು ಬೀಳುತ್ತದೆ. ಒಗೆದ ಬಿಳಿ ಕಾಟನ್ ಪಂಚೆ ಸುತ್ತಿದರೆ ಸಾಕು. ಒಂದರ ಮೇಲೊಂದು ಪೇರಿಸಬೇಡಿ. ಎತ್ತುವಾಗ ಹಿಡಿಕೆ ಹಿಡಿಯದೆ ತಳಕ್ಕೆ ಕೈ ಕೊಡಿ. ಮಳೆಗಾಲ ಮುಗಿದ ಮೇಲೊಮ್ಮೆ ನೆರಳಲ್ಲಿ ತೆರೆದಿಡಿ. ಮುಚ್ಚಳ ಪೂರ್ತಿ ಹಿಂದಕ್ಕೆ ಬಗ್ಗಿಸಬೇಡಿ, ವಿನೈಲ್ ಮೊದಲು ಸೀಳುವುದು ಆ ಮಡಿಕೆಯಲ್ಲೇ.