ಸೀಟು ಸಿಗುವ ಮೊದಲೇ ಹದಿನಾಲ್ಕು ಶನಿವಾರ ಕ್ಯಾಂಪಸ್ಸಿನ ಗೇಟಿನವರೆಗೆ ಹೋಗಿ ಬಂದೆ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಹೊಸ ಜಾಬ್ ಬಂದರೆ ಮೊದಲ ಪೀಸ್ ತೆಗೆದು ಅಳೆಯದೆ ಯಾರೂ ಇಡೀ ಲಾಟ್ ಓಡಿಸುವುದಿಲ್ಲ. ನೂರಿಪ್ಪತ್ತು ರೂಪಾಯಿಯ ಬುಷ್ ಎಂಬ ಬಿಡಿಭಾಗಕ್ಕೂ ಈ ಮರ್ಯಾದೆ ಇದೆ. ಆದರೆ ಇಪ್ಪತ್ತು ಚಿಲ್ಲರೆ ಲಕ್ಷ ರೂಪಾಯಿಯ ಜೊತೆಗೆ ಎರಡು ವರ್ಷದ ಶನಿವಾರಗಳನ್ನೂ ನುಂಗುವ ಎಕ್ಸಿಕ್ಯುಟಿವ್ ಎಂಬಿಎ, ಅಂದರೆ ಕೆಲಸದಲ್ಲಿರುವವರು ಓದುವ ಮ್ಯಾನೇಜ್‌ಮೆಂಟ್ ಪದವಿಯ ವಿಷಯಕ್ಕೆ ಬಂದರೆ, ದಿನವಿಡೀ ಮೈಕ್ರಾನ್ ಲೆಕ್ಕ ಹಾಕುವವರೇ ಕರಪತ್ರದ ಫೋಟೊ ನೋಡಿ ಹಣ ಕಟ್ಟಿಬಿಡುತ್ತಾರೆ. ನಾನೂ ಒಮ್ಮೆ ಕಟ್ಟಿದ್ದೆ. ಎರಡನೆಯ ಸಲ ಮೊದಲ ಪೀಸ್ ತೆಗೆದೇ ಮುಂದೆ ಹೋದೆ. ಆಗ ನಕ್ಕವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ಮೊದಲು ಕಳೆದುಕೊಂಡ ಹಣದ ಕಥೆ. ವಿದೇಶಿ ವಿಶ್ವವಿದ್ಯಾಲಯವೊಂದರ ಹೆಸರು ಹೊತ್ತ ಹತ್ತು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್. ಶುಲ್ಕ ಒಂದೂವರೆ ಲಕ್ಷ ಎಂದರು. ಬಿಲ್ಲು ಬಂದಾಗ ಅದರ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೂ 27 ಸಾವಿರ. ಐಐಎಂಗಳ ದೀರ್ಘಾವಧಿ ಪದವಿ ಕೋರ್ಸುಗಳಿಗೆ ಈ ತೆರಿಗೆ ಇಲ್ಲ, ಅಲ್ಪಾವಧಿಯ ಸರ್ಟಿಫಿಕೇಟುಗಳಿಗೆ ಇದೆ ಎಂಬುದನ್ನು ನಾನು ತಿಳಿದದ್ದು ಆ ಬಿಲ್ಲಿನಿಂದ. ಪಾಠವೆಲ್ಲ ಮೊದಲೇ ಚಿತ್ರೀಕರಿಸಿದ್ದು. ತಿಂಗಳಿಗೊಮ್ಮೆ ನೇರ ತರಗತಿ ಎಂದು ನಡೆಯುತ್ತಿದ್ದುದರಲ್ಲಿ ಕೆಲವು ನೂರು ಜನ. ನಾನು ಬರೆದು ಕಳಿಸಿದ ಒಂದು ಪ್ರಶ್ನೆಗೂ ಉತ್ತರ ಬರಲಿಲ್ಲ. ಸರ್ಟಿಫಿಕೇಟನ್ನು ನಮ್ಮ ಎಚ್‌ಆರ್ ವಿಭಾಗದವರು ಫೈಲಿಗೆ ಸೇರಿಸಿ ಅಭಿನಂದನೆ ಹೇಳಿದರು. ಮಾವನವರು ಅರಸೀಕೆರೆಯಿಂದ ಬಂದಾಗ ಅದನ್ನು ನೋಡಿ, "ಈ ದುಡ್ಡಿಗೆ ಬೋರು ಕೊರೆಸಿದ್ದರೆ ನೀರಾದರೂ ಬರುತ್ತಿತ್ತೇನೋ" ಎಂದರು.

ಇಷ್ಟಾದರೂ ಆಸೆ ಹೋಗಲಿಲ್ಲ. ಕಾರಣ ಸಣ್ಣದು. ಕ್ಯಾಶ್ ಕ್ರೆಡಿಟ್ ಮಿತಿ, ಅಂದರೆ ದಿನದ ವಹಿವಾಟಿಗೆ ಬ್ಯಾಂಕು ಕೊಡುವ ಸಾಲದ ಮಿತಿ ನವೀಕರಿಸಲು ಬ್ಯಾಂಕಿನವರು ಬಂದಾಗಲೆಲ್ಲ ಮಾಲೀಕರು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಸ್ಟಾಕು ಇಷ್ಟೇಕೆ ಬಿದ್ದಿದೆ, ಗಿರಾಕಿಗಳಿಂದ ಹಣ ಬರುವುದು ಇಷ್ಟು ತಡವೇಕೆ ಎಂಬ ಪ್ರಶ್ನೆ ಬಂದರೆ ಹದಿನಾರು ವರ್ಷ ಉತ್ಪಾದನೆ ನೋಡಿಕೊಂಡ ನಾನು ಮೂಕ. ಬಾಯಿ ತೆರೆದರೆ ನನ್ನಿಂದ ಬರುತ್ತಿದ್ದುದು ಸ್ಪಿಂಡಲ್, ಇನ್ಸರ್ಟ್, ರಿಜೆಕ್ಷನ್ ಮಾತ್ರ.

ಎಲ್ಲಿ ಓದಬೇಕು ಎಂಬ ಪಟ್ಟಿ ಮಾಡುವುದು ಸುಲಭ. ಅಹಮದಾಬಾದ್ ಐಐಎಂನ ಪಿಜಿಪಿಎಕ್ಸ್, ನಮ್ಮ ಬೆಂಗಳೂರು ಐಐಎಂನ ಇಪಿಜಿಪಿ ಎರಡೂ ಒಂದು ವರ್ಷದ ಪೂರ್ಣಾವಧಿ ಕೋರ್ಸುಗಳು, ಕೆಲಸ ಬಿಡಬೇಕು. ಮನೆ ಸಾಲದ ಕಂತು ಇರುವವನು ಅವುಗಳ ಶುಲ್ಕವನ್ನು ನೋಡಿ ಪ್ರಯೋಜನವಿಲ್ಲ, ಹನ್ನೆರಡು ತಿಂಗಳ ಸಂಬಳವನ್ನೂ ಖರ್ಚಿಗೆ ಸೇರಿಸಬೇಕು. ಸೇರಿಸಿದೆ, ಹಾಳೆ ಮಡಚಿಟ್ಟೆ. ಉಳಿದದ್ದು ಮೂರು ಬಗೆ: ಆರೇಳು ವಾರಕ್ಕೊಮ್ಮೆ ಬೇರೆ ಊರಿಗೆ ಹೋಗಿ ಸುಮಾರು ಒಂದು ವಾರ ಇದ್ದು ಓದುವುದು, ಮನೆಯಿಂದಲೇ ಆನ್‌ಲೈನ್, ಮತ್ತು ಊರಿನಲ್ಲೇ ವಾರಾಂತ್ಯದ ತರಗತಿ. ರ್‍ಯಾಂಕಿಂಗ್ ಪಟ್ಟಿಗಳನ್ನು ನಾನು ಒಂದು ಸಂಜೆಗಿಂತ ಹೆಚ್ಚು ನೋಡಲಿಲ್ಲ. ಯಂತ್ರ ಕೊಳ್ಳುವಾಗ ಕ್ಯಾಟಲಾಗ್ ನೋಡಿ ಎಷ್ಟು ತಿಳಿಯುತ್ತದೋ ಅವುಗಳಿಂದಲೂ ಅಷ್ಟೇ.

ಮೂರನ್ನೂ ಓಡಿಸಿ ನೋಡಿದೆ. ಹಣ ಕಟ್ಟದೆ, ಅರ್ಜಿಯನ್ನೂ ಹಾಕದೆ, ಸೇರಿದ್ದೇನೆಂದೇ ಭಾವಿಸಿ ಬದುಕುವುದು.

ಬೇರೆ ಊರಿನ ಕೋರ್ಸಿಗಾಗಿ ಆರು ದಿನ ರಜೆ ಹಾಕಿ, ಹೈದರಾಬಾದಿಗೆ ಹೋಗುತ್ತಿದ್ದೇನೆ ಎಂದು ಕಾರ್ಖಾನೆಯಲ್ಲಿ ಹೇಳಿ, ಮೈಸೂರಿನ ಗೆಳೆಯನ ಮನೆಯಲ್ಲಿ ಕುಳಿತೆ. ಮೂರನೆಯ ದಿನ ಗಿರಾಕಿಯ ಆಡಿಟ್ ತಂಡ ಹೇಳದೆ ಕೇಳದೆ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಬೆಂಗಳೂರಿನ ಬಸ್ಸಿನಲ್ಲಿದ್ದೆ. ಖರ್ಚು ಮೂರು ಸಾವಿರದೊಳಗೆ. ನಿಜವಾಗಿ ಸೇರಿದ್ದರೆ ಅದೇ ಪಾಠಕ್ಕೆ ಎಷ್ಟು ತೆರಬೇಕಿತ್ತು ಎಂದು ಯೋಚಿಸಿ. ನಿಮ್ಮ ಕೈಕೆಳಗೆ ಗಟ್ಟಿ ಎರಡನೆಯವರಿದ್ದರೆ ಈ ಬಗೆ ಒಳ್ಳೆಯದೇ. ನನ್ನ ಕೈಕೆಳಗೆ ಆಗ ಇರಲಿಲ್ಲ.

ಆನ್‌ಲೈನ್ ಬಗೆಗೆ ಮೂರು ವಾರ ಕೊಟ್ಟೆ. ಶನಿವಾರ, ಭಾನುವಾರ ಸಂಜೆ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಮೂರು ಗಂಟೆ. ಮಗಳು ಬಾಗಿಲ ಕೆಳಗಿನಿಂದ ಚೀಟಿ ತೂರಿಸಲು ಶುರು ಮಾಡಿದಳು. ಎರಡನೆಯ ಪಾಳಿಯ ಮೇಲ್ವಿಚಾರಕರಿಗೆ ನಾನು ಮನೆಯಲ್ಲಿದ್ದೇನೆ ಎಂದು ಗೊತ್ತು, ಫೋನು ನಿಲ್ಲಲಿಲ್ಲ. ತಾಲೀಮಿನಲ್ಲೇ ಸಿಗದ ಏಕಾಂತ ಸೇರಿದ ಮೇಲೆ ಸಿಗುವುದೆಲ್ಲಿ?

ಉಳಿದದ್ದು ವಾರಾಂತ್ಯದ ತರಗತಿ, ಅಂದರೆ ಬನ್ನೇರುಘಟ್ಟ ರಸ್ತೆಯ ಬೆಂಗಳೂರು ಐಐಎಂ. ನನ್ನ ಮನೆ ದಾಸರಹಳ್ಳಿ, ಅಂದರೆ ಊರಿನ ಇನ್ನೊಂದು ತುದಿ. ಹದಿನಾಲ್ಕು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಐಐಎಂ ಗೇಟಿನ ಎದುರು ಹಾಜರಾದೆ. ಅಲ್ಲಿಂದ ತಿರುಗಿ, ಬಿಳೇಕಹಳ್ಳಿಯ ಕಡೆ ದಿನಕ್ಕೆ ನೂರು ರೂಪಾಯಿಯ ಒಂದು ಓದುವ ಕೋಣೆಯಲ್ಲಿ ಸಂಜೆ ಐದೂವರೆಯವರೆಗೆ ಕೂರುತ್ತಿದ್ದೆ. ಸುತ್ತ ಸಿಎ, ಕೆಎಎಸ್ ಹುಡುಗರು. "ಅಂಕಲ್, ನೀವು ಯಾವ ಪರೀಕ್ಷೆಗೆ?" ಎಂದು ಒಬ್ಬಳು ಕೇಳಿದಳು. ಗೇಟಿನ ಕಾವಲುಗಾರರು ಆರನೆಯ ವಾರದಿಂದ ನಮಸ್ಕಾರ ಮಾಡತೊಡಗಿದ್ದರು. ಕಾರಿನಲ್ಲಿ ಹೋದರೆ ಒಂದೂಮುಕ್ಕಾಲು ಗಂಟೆ, ಒಮ್ಮೊಮ್ಮೆ ಎರಡು. ಹಸಿರು ಮೆಟ್ರೊದಲ್ಲಿ ಜಯನಗರದವರೆಗೆ ಹೋಗಿ ಆಟೊ ಹಿಡಿದರೆ ಒಂದು ಗಂಟೆ ಹತ್ತು ನಿಮಿಷ, ಮೆಟ್ರೊದಲ್ಲೇ ಒಂದು ಅಧ್ಯಾಯ ಮುಗಿಯುತ್ತದೆ.

ಎಲ್ಲವನ್ನೂ ಜೇಬಿನ ಪುಸ್ತಕದಲ್ಲಿ ಬರೆದೆ. ಹದಿನಾಲ್ಕರಲ್ಲಿ ನಾಲ್ಕು ಶನಿವಾರ ಅರ್ಧಕ್ಕೇ ಮುರಿದವು. ನೆಂಟರ ಮದುವೆ ಒಂದು, ಉಳಿದ ಮೂರೂ ತಿಂಗಳ ಕೊನೆಯ ಶನಿವಾರ. ಆ ದಿನ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಅಬ್ಬರ, ನಾನಿಲ್ಲದೆ ಲಾರಿ ಹೊರಡುವುದಿಲ್ಲ ಎಂಬ ನಂಬಿಕೆ. ಪುಸ್ತಕ ಇಡದಿದ್ದರೆ ಇದು ಕಾಣುತ್ತಿರಲಿಲ್ಲ. ಐದನೆಯ ವಾರದಿಂದ ಮಾಲನ್ನು ಎರಡು ದಿನ ಮೊದಲೇ ಕಳಿಸುವ ಯೋಜನೆ ಮಾಡಲು ಹೊರಟೆ. ಮೊದಲ ತಿಂಗಳು ಅವಮಾನವಾಗುವಷ್ಟು ಕೆಟ್ಟಿತು. ಮೂರನೆಯ ತಿಂಗಳ ಹೊತ್ತಿಗೆ ಗುರುವಾರಕ್ಕೇ ಮುಕ್ಕಾಲು ಪಾಲು ಹೋಗತೊಡಗಿತು. ಹೇಗೆ ಎಂಬುದು ನಮ್ಮ ಕಾರ್ಖಾನೆಯ ಗುಟ್ಟು, ಪೀಣ್ಯದವರೂ ಇದನ್ನು ಓದುತ್ತೀರಿ.

ನಡುವೆ ಇನ್ನೊಂದು ಪ್ರಯೋಗ ದಾರಿ ತಪ್ಪಿಸಿತು. ಓದಲು ಏನಾದರೂ ಬೇಕಲ್ಲ ಎಂದು ಅವೆನ್ಯೂ ರಸ್ತೆಯಲ್ಲಿ ಹಳೆಯ ಅಕೌಂಟಿಂಗ್ ಪುಸ್ತಕವೊಂದನ್ನು ಇನ್ನೂರೈವತ್ತಕ್ಕೆ ತಂದೆ. ವಾರಕ್ಕೊಂದರಂತೆ ಷೇರುಪೇಟೆಯಲ್ಲಿರುವ ಯಂತ್ರೋಪಕರಣ ಕಂಪನಿಗಳ ವಾರ್ಷಿಕ ವರದಿಗಳನ್ನು ಇಳಿಸಿಕೊಂಡು ಆ ಪುಸ್ತಕ ಇಟ್ಟುಕೊಂಡು ಓದಿದೆ. ಹತ್ತನೆಯ ವಾರ ಬ್ಯಾಂಕಿನವರ ಪ್ರಶ್ನೆಗಳಲ್ಲಿ ಅರ್ಧಕ್ಕೆ ನಾನೇ ಉತ್ತರ ಕೊಟ್ಟೆ! ಮಾಲೀಕರು ತಿರುಗಿ ನೋಡಿದರು. ಆಗ ದಿಗಿಲಾಯಿತು: ಇನ್ನೂರೈವತ್ತು ರೂಪಾಯಿಗೆ ಆಗುವ ಕೆಲಸಕ್ಕೆ ಲಕ್ಷಗಳೇಕೆ? ಎರಡು ವಾರ ಈ ಪ್ರಶ್ನೆಯನ್ನೇ ತಲೆಯಲ್ಲಿ ಹೊತ್ತು ತಿರುಗಿದೆ. ಬೇರೆ ಕ್ಷೇತ್ರದವರೊಡನೆ ವಾದ ಮಾಡುವುದನ್ನು ಪುಸ್ತಕ ಕಲಿಸುವುದಿಲ್ಲ ಎನ್ನಿಸಿ, ಬ್ಯಾಂಕಿನ ಒಬ್ಬರು, ಆಸ್ಪತ್ರೆ ಆಡಳಿತದ ಒಬ್ಬರು, ಸಾಫ್ಟ್‌ವೇರಿನ ಒಬ್ಬರು, ನಾನು ಹೀಗೆ ನಾಲ್ವರು ಸೇರಿ ಕೇಸ್, ಅಂದರೆ ಕಂಪನಿಗಳ ಸಮಸ್ಯೆಗಳ ಕಥೆಗಳನ್ನು ಚರ್ಚಿಸುವ ಕೂಟ ಕಟ್ಟಿದೆ. ಎರಡೇ ವಾರದಲ್ಲಿ ಅದು ಕಾಫಿ ಕೂಟವಾಗಿ, ಮೂರನೆಯ ವಾರ ನಾನೊಬ್ಬನೇ ಉಳಿದೆ. ಹಣ ಕಟ್ಟಿದವರು ಮಾತ್ರ ಶನಿವಾರ ಬರುತ್ತಾರೆ. ನಾನು ಕೊಳ್ಳಬೇಕಾಗಿದ್ದ ಸರಕು ಹಾಗೆ ತಪ್ಪದೆ ಬರುವ ಜೊತೆಗಾರರೇ ಎಂದು ಅಲ್ಲಿ ತೀರ್ಮಾನವಾಯಿತು.

ಓದಿ ಮುಗಿಸಿದ ಹನ್ನೊಂದು ಮಂದಿಯ ಜೊತೆಯೂ ಮಾತನಾಡಿದೆ. ಸಂಸ್ಥೆಗಳು ತೋರಿಸುವ ಮಿಂಚುವ ಮುಖಗಳನ್ನು ಬಿಟ್ಟು, ಪದವಿ ಬಂದು ಎರಡು ವರ್ಷವಾದರೂ ಹುದ್ದೆ ಬದಲಾಗದವರನ್ನೇ ಹುಡುಕಿದೆ. ಅವರು ಮನಸ್ಸು ಬಿಚ್ಚುವಂತೆ ಮಾಡಿದ್ದು ಒಂದು ಪ್ರಶ್ನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅದು ಸವೆಯುತ್ತದೆ. ಸಂಬಳ ಏರಿದವರಲ್ಲಿ ಬಹುತೇಕರಿಗೆ ಏರಿದ್ದು ಕಂಪನಿ ಬದಲಿಸಿದ್ದರಿಂದ. ಇದ್ದಲ್ಲೇ ಇದ್ದು ಏರಿಕೆ ಪಡೆದವರು ಇಬ್ಬರೇ. ನಾನು ಕಂಪನಿ ಬಿಡುವವನಲ್ಲ, ಹಾಗಾಗಿ ಲೆಕ್ಕದ ಹಾಳೆಯಲ್ಲಿ ಸಂಬಳ ಏರಿಕೆಯ ಸಾಲಿಗೆ ಸೊನ್ನೆ ಹಾಕಿದೆ. ಸೊನ್ನೆ ಹಾಕಿದ ಮೇಲೂ ಬೇಕೆನಿಸಿದರೆ ಮಾತ್ರ ಸೇರು ಎಂಬುದು ನನ್ನ ಹೆಂಡತಿಯ ಷರತ್ತು.

ಅರ್ಜಿಯ ಕಥೆ ಚಿಕ್ಕದು. ಜಿಮ್ಯಾಟ್ ಎಂಬ ಪ್ರವೇಶ ಪರೀಕ್ಷೆ ಎರಡು ಸಲ, ಒಂದೊಂದಕ್ಕೂ ಇಪ್ಪತ್ತಮೂರು ಸಾವಿರದ ಹತ್ತಿರ. ಮೊದಲು 545, ಆಮೇಲೆ 615. ಎರಡೂಕಾಲು ಗಂಟೆಯಲ್ಲಿ 64 ಪ್ರಶ್ನೆ. ಗಣಿತಕ್ಕಿಂತ ಇಂಗ್ಲಿಷ್ ಓದುವ ವೇಗವೇ ನನ್ನನ್ನು ಕೊಂದದ್ದು. ಒಂದು ಸಂಸ್ಥೆಯ ಸಂದರ್ಶನದಲ್ಲಿ ನಾಯಕತ್ವ, ದೂರದೃಷ್ಟಿ ಎಂದು ಉರು ಹೊಡೆದದ್ದನ್ನು ಒಪ್ಪಿಸಿ ನಪಾಸಾದೆ. ಬನ್ನೇರುಘಟ್ಟ ರಸ್ತೆಯ ಪಿಜಿಪಿಇಎಂ, ಅಂದರೆ ಐಐಎಂನ ಆ ವಾರಾಂತ್ಯದ ಕೋರ್ಸಿನ ಸಂದರ್ಶನದಲ್ಲಿ, ಕಾರ್ಖಾನೆ ನೋಡಿಕೊಂಡು ಸಮಯ ಹೇಗೆ ಹೊಂದಿಸುತ್ತೀರಿ ಎಂದು ಕೇಳಿದಾಗ ಜೇಬಿನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಆಮೇಲಿನ ಹತ್ತು ನಿಮಿಷ ಮಾತು ಡಿಸ್ಪ್ಯಾಚ್ ಬಗ್ಗೆಯೇ. ಸೀಟು ಸಿಕ್ಕಿತು.

ಹಣದ ವಿಷಯದಲ್ಲಿ ಮಾಲೀಕರು ಉದಾರಿ. ಅರ್ಧ ಶುಲ್ಕ ಕೊಡುತ್ತೇನೆ, ಮೂರು ವರ್ಷದ ಬಾಂಡ್ ಬರೆದುಕೊಡಿ ಎಂದರು. "ಸರ್, ದುಡ್ಡು ಬೇಡ, ಶನಿವಾರ ಕೊಡಿ" ಎಂದೆ. ಪೀಣ್ಯದಲ್ಲಿ ಶನಿವಾರ ಕೆಲಸದ ದಿನ. ಎರಡು ವರ್ಷದ ಶನಿವಾರ ಎಂದರೆ ಹೆಚ್ಚುಕಡಿಮೆ ನೂರು ದಿನದ ಸಂಬಳ. ಬಾಂಡ್ ಇಲ್ಲದೆಯೇ ಅದು ಸಿಕ್ಕಿತು. ಗೆಳೆಯರು ಹುಚ್ಚು ಎಂದರು. ಶುಲ್ಕ, ಓಡಾಟ, ಸಾಲದ ಬಡ್ಡಿ ಎಲ್ಲ ಸೇರಿ ಇಪ್ಪತ್ತೈದು ಲಕ್ಷದ ಆಸುಪಾಸಿಗೆ ನಿಲ್ಲಬಹುದು. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ 80ಇ ವಿನಾಯಿತಿ ಇದೆ ಎಂದು ಹಿಗ್ಗಿದ್ದೆ, ಹೊಸ ತೆರಿಗೆ ಪದ್ಧತಿಯಲ್ಲಿ ಅದು ಸಿಗುವುದಿಲ್ಲ. ಹಳೆಯದಕ್ಕೆ ಮರಳಿದರೆ ನನ್ನ ಸಂಬಳಕ್ಕೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು ಎಂದು ನಮ್ಮ ಲೆಕ್ಕಪರಿಶೋಧಕರು ಎರಡು ನಿಮಿಷದಲ್ಲಿ ಹೇಳಿಬಿಟ್ಟರು.

ಈಗ ಎರಡನೆಯ ವರ್ಷ. ತಿಂಗಳ ಕೊನೆಯ ಶನಿವಾರಕ್ಕೆಂದು ಇದುವರೆಗೆ ಒಂದೇ ತರಗತಿ ತಪ್ಪಿದೆ. ತಾಲೀಮಿನ ಕಾಲದಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಟೂಲ್ ರೂಮಿನ ಗೆಳೆಯರು ಕಳೆದ ವಾರ ಬಂದು ಜೇಬಿನ ಪುಸ್ತಕ ಕೇಳಿದರು. ಕೊಟ್ಟೆ, ಎರಡು ಹಾಳೆಗಳಿಗೆ ಸ್ಟೇಪ್ಲರ್ ಪಿನ್ನು ಹೊಡೆದು.